ರಜೆಯ ದಿನದ ಗಿರಾಕಿಗಳು

ಸೋಮವಾರ, ಬೆಳಗ್ಗೆ

ಏ ಇವಳೇ,

ಮೂವತ್ತೆಂಟು ವರ್ಷದ ಮೇಲೆ ಹೀಗೆ ಕರೆದರೆ ನಿನಗೆ ಮೈ ಉರಿಯುತ್ತೆ, ಗೊತ್ತು. ಇನ್ನು ಹೇಗೆ ಕರೆಯಲಿ? ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ಕತ್ತರಿ ಹಿಡಿದವನು ನಾನು. ನಯವಾಗಿ ಬರೆಯೋಕೆ ಬರಲ್ಲ. ಹರಿದು ಹಾಕಬೇಡ, ಪೂರ್ತಿ ಓದು.

ಯುದ್ಧದ ಕಾಲದ ಗುಟ್ಟುಗಳನ್ನು ಸರ್ಕಾರವೇ ಬಯಲು ಮಾಡಿದೆಯಂತೆ, ಪೇಪರಿನಲ್ಲಿ ಬಂದಿದೆ. ಬಂದರಿನ ರೌಡಿಗಳೂ ನೌಕಾಪಡೆಯವರೂ ಒಳಗೊಳಗೇ ಒಂದಾಗಿದ್ದರಂತೆ. ಎಲ್ಲಿ ಕೂತು ಮಾತಾಡಿದರು ಅನ್ನೋದು ಮಾತ್ರ ಬಂದಿಲ್ಲ. ನಮ್ಮ ಅಂಗಡಿಯಲ್ಲಿ ಕಣೇ!

ರಜೆಯ ದಿನವೂ ಅಂಗಡಿಗೆ ಯಾಕೆ ಓಡ್ತೀಯ, ಯಾವಳಿದ್ದಾಳೆ ಅಲ್ಲಿ ಅಂತ ಸೌಟು ಹಿಡಿದು ಕೇಳ್ತಿದ್ದೆಯಲ್ಲ? ಇದ್ದವರು ಇಬ್ಬರು ಗಡ್ಡದವರು. ಒಂದು ಕುರ್ಚಿಯಲ್ಲಿ ಸಾದಾ ಬಟ್ಟೆ ಹಾಕಿಕೊಂಡು ಬಂದ ನೌಕಾಪಡೆಯ ಅಧಿಕಾರಿ. ಪಕ್ಕದ ಕುರ್ಚಿಯಲ್ಲಿ ಬಂದರಿನ ದಾದಾ, ಎಲ್ಲರೂ ‘ಲಂಗರು’ ಅಂತಿದ್ದರಲ್ಲ, ಅವನು. ಇಬ್ಬರ ಮುಖಕ್ಕೂ ಸೋಪಿನ ನೊರೆ. ತಿರುಗಿ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಕನ್ನಡಿಯ ಜೊತೆ ಮಾತಾಡೋರು. ಯಾರಾದರೂ ಇಣುಕಿದರೆ ಎರಡು ಬಿಳಿ ಮುಖ ಕಾಣಬೇಕು, ಅಷ್ಟೇ. ಶತ್ರುಗಳ ಬೇಹುಗಾರರನ್ನು ಲಂಗರಿನ ಕಡೆಯವರು ಹಿಡಿದು ಕೊಡಬೇಕು, ಹಡಗಿನ ಕೆಲಸ ಒಂದು ಗಂಟೆಯೂ ನಿಲ್ಲಬಾರದು. ಬದಲಿಗೆ ಪೊಲೀಸರು ಅವನ ದಂಧೆಯ ಕಡೆ ತಲೆ ಹಾಕಬಾರದು. ಇದೇ ಒಪ್ಪಂದ. ಬಾಯಿ ಬಿಟ್ಟರೆ ಜೈಲು ಅಂತ ನನ್ನ ಕೈಲಿ ಸಹಿ ಹಾಕಿಸಿಕೊಂಡಿದ್ದರು.

ಏನೇ ಅನ್ನು, ಆ ದಿನಗಳು ಚೆನ್ನಾಗಿದ್ದವು. ಕಿಟಕಿಗೆಲ್ಲ ಕಪ್ಪು ಕಾಗದ, ಸೋಪಿಗೂ ಬರ. ಆದರೂ ನೀನು ಅಂಚು ಹೊಲಿದ ಟವೆಲ್ಲುಗಳು ಬಿಸಿಲಿಗೆ ಒಣಗಿ ಗರಿಗರಿಯಾಗಿರುತ್ತಿದ್ದವು. ಈಗಿನ ಟವೆಲ್ಲು, ಥೂ, ನೀರೇ ಹೀರಲ್ಲ. ಹಡಗು ಕೂಗಿದರೆ ಇದು ಇಂಥ ಹಡಗು ಅಂತ ನೀನು ಅಡುಗೆಮನೆಯಿಂದಲೇ ಹೇಳೋಳು, ಅರ್ಧಕ್ಕರ್ಧ ತಪ್ಪು. ಕ್ರೇನು ನಡೆಸುತ್ತಿದ್ದ ನಿಮ್ಮಣ್ಣ ಊಟಕ್ಕೆ ಬಂದರೆ ಪಾತ್ರೆಯ ತಳ ಕಾಣೋದು. ನಗಿಸಿ ನಗಿಸಿ ನಿನ್ನ ಕಣ್ಣಲ್ಲಿ ನೀರು ತರಿಸೋನು.

ಆಮೇಲೆ ಕೂಲಿಯವರ ಮುಷ್ಕರಕ್ಕೆ ಅವನೇ ಮುಂದಾಳಾದ. ಲಂಗರಿನ ಕಡೆಯವರು ಬಂದರಿನ ಗೇಟಿನಲ್ಲೇ ಹೊಡೆದು ಕೊಂದರು. ಹದಿನೈದು ದಿನ ಕಳೆದಿರಲಿಲ್ಲ, ನಾನು ಮನೆಯಲ್ಲಿ ಮರೆತ ಕನ್ನಡಕ ಕೊಡೋಕೆ ನೀನು ಅಂಗಡಿಗೆ ಬಂದೆ. ಲಂಗರಿನ ಕುತ್ತಿಗೆಯ ಮೇಲೆ ನನ್ನ ಕತ್ತಿ ಆಡುತ್ತಿತ್ತು. ಕೊಯ್ಯೋದು ಬಿಟ್ಟು ಗಡ್ಡ ಮಾಡ್ತೀಯಲ್ಲೋ ಅಂತ ಕೂಗಿದೆ. ಸಂಜೆಯೊಳಗೆ ಟ್ರಂಕು ಎತ್ತಿಕೊಂಡು ನಿಮ್ಮ ಚಿಕ್ಕಮ್ಮನ ಮನೆ ಸೇರಿದೆ.

ಈಗ ತಿಳೀತಾ? ಸರ್ಕಾರವೇ ಕೂರಿಸಿದ ಗಿರಾಕಿ ಅವನು. ಎದ್ದು ಹೋಗು ಅನ್ನೋಕೆ ನಾನ್ಯಾರು? ಮುಷ್ಕರದವರನ್ನು ಏನು ಮಾಡ್ತಾರೆ ಅನ್ನೋದಂತೂ ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಸಾಕು ಇನ್ನು ಕೋಪ. ನನಗೂ ವಯಸ್ಸಾಯ್ತು, ನಿನಗೂ. ಮಹಡಿಯ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಬಾ.

ಇನ್ನೂ ನಿನ್ನವನೇ ಆದ
ಕ್ಷೌರದ ಮುದುಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಕಿವಿಗೆ ಬಿದ್ದಿರಲಿಲ್ಲ ಅಂದದ್ದು ಸುಳ್ಳು. ಆ ಕ್ರೇನಿನವನನ್ನು ನಾಳೆ ಗೇಟಿನಲ್ಲೇ ಮುಗಿಸ್ತೀವಿ ಅಂತ ಲಂಗರು ಹೇಳಿದ. ಅಧಿಕಾರಿ ಬೇಡ ಅನ್ನಲಿಲ್ಲ. ಅವರು ಹೋದ ಮೇಲೆ, ರಜೆ ಅಂತ ಗೊತ್ತಿದ್ದರೂ ನಿಮ್ಮಣ್ಣ ಬಂದು ಬಾಗಿಲು ಬಡಿದ. ಕೂರಿಸಿ ಗಡ್ಡ ಮಾಡಿದೆ. ನಾವಿಬ್ಬರೇ ಇದ್ದೆವು. ಯಾಕೆ ಭಾವ, ಇವತ್ತು ಮಾತೇ ಇಲ್ಲ, ನನ್ನ ತಂಗಿ ಬೈದಳಾ ಅಂತ ಕೇಳಿದ. ಹೂಂ ಅಂದೆ.