ಕಲ್ಲಚ್ಚಿನ ಚರಿತ್ರೆಯ ‘ಚ.’

ಫೆಬ್ರವರಿ ಮೂವತ್ತು, ೨೩೯೧

ಶೈಲಜಾ ಮರಿಬಸಪ್ಪ ಅಂಗಡಿಯವರಿಗೆ,

ಈ ತಾರೀಖು ನಿಮ್ಮಲ್ಲಿಲ್ಲ, ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಹಳೆಯ ಬರಹ ಓದಿ ಕಲಿತದ್ದು, ಅದರಲ್ಲೂ ಹೆಚ್ಚಿನವು ನಿಮ್ಮವೇ. ಇದು ಹಿಂದೋಲೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಪತ್ರ. ಜೀವಮಾನದಲ್ಲಿ ಒಬ್ಬರಿಗೆ ಒಂದೇ. ಎಲ್ಲರೂ ತೀರಿಹೋದ ಅಜ್ಜಿಗೆ ಬರೆದು ಅಳುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಹೊಟ್ಟೆಕಿಚ್ಚಿನಿಂದ.

ನಮ್ಮೂರು ಕೋಟೆಮಾಳ. ಬಿಸಿಲುಮುಚ್ಚಿನ ಹೊತ್ತಿಗೆ, ಅಂದರೆ ನಡುಹಗಲು ಊರೆಲ್ಲ ನೆಲದಡಿಯ ಪಡಸಾಲೆಗಳಿಗೆ ಇಳಿದಾಗ, ಜನ ಶೇಂಗಾ ಸುಲಿಯುತ್ತ ಹರಟೆ ಹೊಡೆಯುತ್ತಾರೆ; ನಾನು ನಿಮ್ಮ ಮೂರು ಸಂಶೋಧನಾ ಲೇಖನ ಹಿಡಿದು ಕೂರುತ್ತೇನೆ. ನಿಮಗಿಂತಲೂ ಹಿಂದೆ ನಮ್ಮೂರವನೊಬ್ಬ ಈ ಸೀಮೆಯ ಚರಿತ್ರೆ ಬರೆದು ಕಲ್ಲಚ್ಚಿನಲ್ಲಿ ಮುದ್ರಿಸಿದ್ದ. ಅದರ ಒಂದು ಪ್ರತಿಯೂ ಉಳಿದಿಲ್ಲ. ಉಳಿದದ್ದು ನೀವು ಮೂರು ಪತ್ರಿಕೆಗಳಿಗೆ ಅವು ಕೇಳಿದ ಮೂರು ಪದ್ಧತಿಯಲ್ಲಿ ಕೊಟ್ಟ ಉಲ್ಲೇಖ ಮಾತ್ರ. ಒಂದರಲ್ಲಿ ಅವನು ‘ಕೋಟೆಮಾಳ, ಚ.’ ಇನ್ನೊಂದರಲ್ಲಿ ‘ಚ. ಕೋಟೆಮಾಳ’. ಮೂರನೆಯದರಲ್ಲಿ ಬರೀ ‘ಕೋಟೆಮಾಳ, ೧೮೬೪’. ಅಯ್ಯೋ ತಾಯಿ, ಕೋಟೆಮಾಳ ಅವನ ಊರು! ಊರನ್ನು ಅಡ್ಡಹೆಸರು ಮಾಡಿ ಪೂರ್ತಿ ಉಳಿಸಿದಿರಿ, ಅವನ ಹೆಸರನ್ನು ಒಂದಕ್ಷರಕ್ಕೆ ಕತ್ತರಿಸಿದಿರಿ. ಚನ್ನಪ್ಪನೋ, ಚಂದ್ರಯ್ಯನೋ, ಚರಂತಪ್ಪನೋ, ಯಾರಿಗೆ ಗೊತ್ತು?

ನಿಮಗೆ ಗೊತ್ತು. ಆ ಪುಸ್ತಕ ನಿಮ್ಮ ತೊಡೆಯ ಮೇಲಿತ್ತು. ಹುಳ ತಿಂದ ಹಾಳೆಗಳನ್ನು ನಿಮ್ಮ ಬೆರಳೇ ತಿರುವಿತು. ಆಮೇಲೆ ಮೂರನೆಯ ಲೇಖನದ ಕೊನೆಯಲ್ಲಿ, ಈ ಹಳೇ ಪುಸ್ತಕವನ್ನು ಮೂರು ಬಗೆಯಲ್ಲಿ ಉಲ್ಲೇಖಿಸಿ ಸಾಕಾಯಿತು ಎಂದು ಗೊಣಗಾಟ ಬೇರೆ! ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ.

ನಾಳೆ ನಮ್ಮ ಹೊಸ ಓದುಮನೆಯ ಬಾಗಿಲಿಗೆ ಹೆಸರು ಕೆತ್ತುತ್ತಾರೆ. ಆ ಚರಿತ್ರೆಕಾರನ ಹೆಸರೇ ಇಡಬೇಕೆಂದು ಪಂಚರಿಗೆ ದುಂಬಾಲು ಬಿದ್ದವಳು ನಾನು. ಒಂದಕ್ಷರ ಕೆತ್ತಲು ಬರುವುದಿಲ್ಲ, ಪೂರ್ತಿ ಹೆಸರು ಸಿಗದಿದ್ದರೆ ಅವನನ್ನು ಉಲ್ಲೇಖಿಸಿದವರ ಹೆಸರು ಹಾಕೋಣ ಎಂದು ಅವರು ತೀರ್ಮಾನಿಸಿದ್ದಾರೆ. ಅಂದರೆ ನಿಮ್ಮದು! ನಿಮ್ಮ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಲೇಖನಗಳ ನೆತ್ತಿಯ ಮೇಲೆ ಒಂದಕ್ಷರವೂ ಬಿಡದೆ ಇವೆಯಲ್ಲ. ಕಲ್ಲುಕುಟಿಗ ಈರಪ್ಪ ಇವತ್ತೂ ಕೇಳಿದ, “ಅಕ್ಕಾರ, ಹೆಸರು ಲಗೂನ ಹೇಳ್ರಿ. ನಾಳೆ ಮುಂಜಾನೆ ಉಳಿ ಹಚ್ಚತೇನಿ.” ಮನೆಗೆ ಬಂದು ಈ ಹಿಂದೋಲೆ ಬರೆಯಲು ಕೂತೆ.

ಮೂರನೆಯ ಲೇಖನ ಅಚ್ಚಿಗೆ ಹೋಗುವ ಮುನ್ನವೇ ಈ ಓಲೆ ನಿಮ್ಮ ಕೈಸೇರುತ್ತದೆ. ದಯವಿಟ್ಟು ಆ ಪುಸ್ತಕವನ್ನು ಇನ್ನೊಮ್ಮೆ ತೆರೆಯಿರಿ. ಯಾವ ಪದ್ಧತಿಯೂ ಒಪ್ಪದಿದ್ದರೆ ಒಪ್ಪದಿರಲಿ, ಅಡಿಟಿಪ್ಪಣಿಯಲ್ಲಿ ಅವನ ಹೆಸರನ್ನು ಪೂರ್ತಿ ಬರೆದುಬಿಡಿ. ನಾಳೆ ಈರಪ್ಪ ಬರುವ ಮುಂಚೆ ನಿಮ್ಮ ಲೇಖನ ಮತ್ತೆ ತೆಗೆದು ನೋಡುತ್ತೇನೆ. ಅಲ್ಲಿ ಹೆಸರಿಲ್ಲದಿದ್ದರೆ, ಓದಲು ಹೋದಾಗಲೆಲ್ಲ ನಾನು ನಿಮ್ಮ ಹೆಸರಿನ ಕೆಳಗೆ ತಲೆಬಾಗಿ ಒಳಗೆ ಹೋಗಬೇಕು. ಅಷ್ಟು ಸಂಕಟ ನನಗೆ ಕೊಡಬೇಡಿ.

ಇಂತಿ,
ಗಿರಿಜವ್ವ
ಕೋಟೆಮಾಳ ನನ್ನ ಊರು, ಹೆಸರಲ್ಲ.