ದೀಪದ ಹೊತ್ತಿನ ಸಿನಿಮಾ

ಗುಬ್ಬಿ
೨೫-೧೧-೧೯೮೫, ಕಾರ್ತಿಕ ಸೋಮವಾರ

ಪ್ರೀತಿಯ ಗಂಗಾಂಬಿಕೆಗೆ ನಿನ್ನ ಅತ್ತೆ ಮನಸಾರೆ ಮಾಡುವ ಆಶೀರ್ವಾದ.

ಚಳಿ ಶುರುವಾದರೆ ನಿನಗೆ ಒಣಕೆಮ್ಮು ಬರುತ್ತದೆ, ಈ ಸಲವೂ ಬಂತೇ? ಮೆಣಸಿನ ಕಷಾಯ ಕುಡಿ, ಖಾರವೆಂದು ಚೆಲ್ಲಬೇಡ. ಇಲ್ಲಿದ್ದಾಗ ಹಿತ್ತಲ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದುದು ನನಗೆ ಗೊತ್ತಿತ್ತು. ನಿಮ್ಮ ತಂದೆ ವೀರಭದ್ರಯ್ಯನವರ ಮಂಡಿನೋವು ಹೇಗಿದೆ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು. ಆದರೆ ನಿನ್ನೆ ಸಂಜೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ಪತ್ರೆ ಕೈಯಲ್ಲೇ ಉಳಿಯಿತು, ಮನಸ್ಸು ಮಾತ್ರ ಪಕ್ಕದ ರೇವಮ್ಮನ ಮನೆಯ ಟೀವಿ ಮುಂದೆ ಹೋಗಿ ಕೂತಿತ್ತು.

ನಗಬೇಡ. ನಿನ್ನ ಅತ್ತೆ ಹಿಂದಿ ಸಿನಿಮಾ ನೋಡಿದಳು. ಉಪ್ಪಿನಕಾಯಿಗೆ ನಾಲ್ಕು ನಿಂಬೆಹಣ್ಣು ಕೇಳಲು ಹೋದವಳನ್ನು ರೇವಮ್ಮ ಕೈಹಿಡಿದು ಚಾಪೆಯ ಮೇಲೆ ಕೂರಿಸಿದಳು. ಬೀದಿಯ ಹೆಂಗಸರೆಲ್ಲ ಅಲ್ಲೇ ಇದ್ದರು. ಒಂದು ಗಳಿಗೆ ಕೂತು ಎದ್ದು ಬರೋಣವೆಂದುಕೊಂಡೆ. ಭಾಷೆ ತಿಳಿಯದಿದ್ದರೂ ಅತ್ತೆ ಯಾರು ಎಂಬುದು ಆ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿದ ರೀತಿಯಲ್ಲೇ ತಿಳಿಯಿತು. ಮಿಕ್ಕಿದ್ದನ್ನು ರೇವಮ್ಮನ ಮಗಳು ಹೇಳುತ್ತಿದ್ದಳು. ಯಾವುದೋ ಸಣ್ಣ ಸುಳ್ಳು ಹೇಳಿದಳೆಂದು ಆ ಅತ್ತೆ ಸೊಸೆಯನ್ನು ಮನೆಯಿಂದ ಆಚೆ ಹಾಕುತ್ತಾಳೆ. ಮಗ ಕಂಬದಂತೆ ನಿಂತಿರುತ್ತಾನೆ. ಒಬ್ಬಳು “ಅವಳ ಬಾಯ್ಗೆ ಮಣ್ಣಾಕಾ” ಎಂದಳು, ಇನ್ನೊಬ್ಬಳು “ಇಂಥೋಳ್ನ ಕುದಿಯೋ ಎಸರಿಗೆ ಹಾಕ್ಬೇಕು ಕಣೇ” ಎಂದಳು. ನಾನೂ ಎರಡೂ ಕೈ ನೆಟಿಕೆ ಮುರಿದು ಶಪಿಸಿದೆ. ಆಗ ರೇವಮ್ಮ ತಿರುಗಿ ನೋಡಿ, “ಇದೇನ್ ಭದ್ರಕ್ಕಾ, ನಿನ್ನ ನೀನೇ ಬೈಕಂತಿದೀಯಲ್ಲ!” ಎಂದಳು. ಎಲ್ಲರೂ ನಕ್ಕರು. ನಾನು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿಕೊಂಡೆ.

ಆಮೇಲೆ ಏಳಲಾಗಲಿಲ್ಲ ಮಗಳೇ. ಹೊರಗೆ ಕತ್ತಲಾದದ್ದೂ ತಿಳಿಯಲಿಲ್ಲ. ಕೊನೆಗೆ ಆ ಅತ್ತೆ ಸೊಸೆಯ ತವರಿನ ಬಾಗಿಲಿಗೆ ಬಂದಳು. ಒಳಗಿಂದ ಸೊಸೆ ಬಂದಳು. ಅತ್ತೆ ಎರಡೂ ಕೈ ಚಾಚಿ ಅವಳ ಕಾಲಿನ ಕಡೆ ಬಗ್ಗಿದಳು, ಅಷ್ಟರಲ್ಲಿ ಕರೆಂಟು ಹೋಯಿತು. ಮತ್ತೆ ಬಂದಾಗ ಯಾರೋ ವಾರ್ತೆ ಓದುತ್ತಿದ್ದರು.

ಮನೆಗೆ ಬಂದರೆ ಮನೆಯೂ ಕತ್ತಲು. ಮೆಟ್ಟಿಲ ಮೇಲೆ ನಿನ್ನ ಗಂಡ ಸಿದ್ಧಲಿಂಗು ಕೂತಿದ್ದ. “ಅವ್ವಾ, ದೀಪ ಹಚ್ಲಿಲ್ವಾ?” ಎಂದ, ಅಷ್ಟೇ. ಈ ಮನೆಗೆ ಕಾಲಿಟ್ಟು ಮೂವತ್ತೆರಡು ವರ್ಷವಾಯಿತು, ಹೆರಿಗೆ ಬಾಣಂತನ ಬಿಟ್ಟರೆ ಸಂಜೆಯ ದೀಪ ತಪ್ಪಿಸಿದವಳಲ್ಲ. ಅದೂ ಕಾರ್ತಿಕದಲ್ಲಿ! ಬೆಂಕಿಪೊಟ್ಟಣ ತೆಗೆದರೆ ನನ್ನ ಮಾತೇ ನನ್ನ ಕೈ ಹಿಡಿಯಿತು. ಎಂಟು ತಿಂಗಳ ಹಿಂದೆ ನೀನು ತುಮಕೂರಿಗೆ ಕಣ್ಣು ತೋರಿಸಲು ಹೋಗುತ್ತೇನೆಂದು ಹೇಳಿ, ದೀಪದ ಹೊತ್ತು ಮೀರಿ ಬಂದೆ. ನಾನು ನಿನ್ನ ಕೈಚೀಲ ಕಿತ್ತು ಕೊಡವಿದೆ, ಸಿನಿಮಾ ಟಿಕೆಟ್ಟಿನ ಚೂರು ಬಿತ್ತು. ಅದನ್ನು ಎತ್ತಿಹಿಡಿದು, ಜಗಲಿಯಲ್ಲಿದ್ದ ನಾಲ್ಕು ಜನರ ಮುಂದೆ “ಸಿನಿಮಾ ನೋಡ್ಕಂಡು ಬಂದ ಕೈಲಿ ಈ ಮನೆ ದೀಪ ಮುಟ್ಬೇಡ ಕಣೇ” ಎಂದೆ. ನೀನು ಬೆಂಕಿಪೊಟ್ಟಣ ಕೆಳಗಿಟ್ಟು ಒಳಗೆ ಹೋದೆ, ಬೆಳಿಗ್ಗೆ ತವರಿಗೆಂದು ಕುಣಿಗಲ್ ಬಸ್ಸು ಹತ್ತಿದೆ. ನಿನ್ನೆ ಆ ಪೊಟ್ಟಣವನ್ನು ಸಿದ್ಧಲಿಂಗುವಿನ ಕೈಗೆ ಕೊಟ್ಟು, “ನೀನೇ ಹಚ್ಚಪ್ಪಾ” ಎಂದೆ. ಅವನು ನನ್ನ ಮುಖ ನೋಡಿ ಕಡ್ಡಿ ಗೀರಿದ.

ನನಗೊಂದು ಹೇಳು. ನೀನು ಹಿಂದಿ ಪರೀಕ್ಷೆ ಪಾಸು ಮಾಡಿದವಳು, ನಿಮ್ಮೂರಲ್ಲಿ ಕರೆಂಟು ಹೋಗದಿದ್ದರೆ ಆ ಸಿನಿಮಾವನ್ನು ಪೂರ್ತಿ ನೋಡಿರುತ್ತೀಯ. ದೊಡ್ಡವರು ಚಿಕ್ಕವರ ಕಾಲು ಮುಟ್ಟಿದರೆ ಚಿಕ್ಕವರ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ. ಹಾಗಿರುವಾಗ ಆ ಹೆಂಗಸು ಮುಟ್ಟಿದಳೇ? ಸೊಸೆ ತಡೆದಳೇ? ಅತ್ತೆ ಬಾಯಲ್ಲಿ ಏನೆಂದು ಹೇಳಿದಳು? ನಮ್ಮಲ್ಲಿ ಅತ್ತೆಯಾದವಳ ಬಾಯಿಗೆ ಹರಸುವ ಮಾತಿದೆ, ಬೈಗುಳವಂತೂ ಬೇಕಾದಷ್ಟಿದೆ. ಇದಕ್ಕೆ ಮಾತು ನನಗೆ ಯಾರೂ ಕಲಿಸಲಿಲ್ಲ. ರೇವಮ್ಮನನ್ನು ಕೇಳಿದರೆ “ಎಲ್ಲಾ ಒಂದಾಗಿರ್ತಾರೆ ಬುಡಕ್ಕಾ, ಸಿನಿಮಾ ಅಲ್ವಾ” ಎನ್ನುತ್ತಾಳೆ. ಒಂದಾಗುವುದಕ್ಕೆ ಮುಂಚೆ ಏನು ಹೇಳಿದರು ಎಂಬುದು ನನಗೆ ಬೇಕು.

ಬೀಗರಿಗೂ ಬೀಗಿತಿಗೂ ನನ್ನ ಶರಣು ತಿಳಿಸು. ಯಡಿಯೂರು ಸಿದ್ಧಲಿಂಗೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅತ್ತೆ,
ಭದ್ರಮ್ಮ

ಇನ್‌ಲ್ಯಾಂಡ್ ಕಾಗದದ ಗೋಂದಿನ ಅಂಚಿನಲ್ಲಿ ಬರೆಯುತ್ತಿದ್ದೇನೆ: ಅವತ್ತು ಚೀಲದಿಂದ ಬಿದ್ದ ಚೂರು ಒಂದಲ್ಲ, ಎರಡು. ಇನ್ನೊಂದರ ಮೇಲೆ ಕಾಲಿಟ್ಟು ನಿಂತೆ. ಮಂಡಿಯ ಕೆಲಸ ಮುಗಿಸಿ ಬಂದವನ ಹಾಗೆ ಆಮೇಲಿನ ಬಸ್ಸಿಗೆ ಬಂದ ನನ್ನ ಮಗ ನಿನ್ನ ಪಕ್ಕದಲ್ಲೇ ಕೂತು ಸಿನಿಮಾ ನೋಡಿದ್ದನೆಂದು ನನಗೆ ಆಗಲೇ ಗೊತ್ತಾಗಿತ್ತು. ನೀನು ಅವನ ಹೆಸರು ಹೇಳಲಿಲ್ಲ. ಆ ಚೂರು ಇಷ್ಟು ದಿನ ವಿಭೂತಿ ಡಬ್ಬಿಯ ತಳದಲ್ಲಿತ್ತು. ಸಿನಿಮಾದ ಕೊನೆ ಬರೆಯಬೇಡ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅತ್ತೆ ಹೋಗಿ ಸೊಸೆಯನ್ನು ಕರೆಯುವ ಪದ್ಧತಿ ಇಲ್ಲವಂತೆ, ಇಲ್ಲದಿದ್ದರೆ ಇಲ್ಲ. ನಿಮ್ಮ ಬಾಗಿಲಲ್ಲಿ ನಿಂತು, ನಿಮ್ಮ ತಂದೆಯ ಎದುರಿಗೆ ಆ ಚೂರು ನಿನ್ನ ಕೈಗಿಡುತ್ತೇನೆ. ಮನಸ್ಸಾದರೆ ಹೊರಡು. ಕತೆಯ ಕೊನೆಯನ್ನು ಬಸ್ಸಿನಲ್ಲಿ ಹೇಳುವೆಯಂತೆ, ದೀಪದ ಹೊತ್ತಿಗೆ ಗುಬ್ಬಿ ಸೇರೋಣ.