ಮರಳು ಕೊಡದವರಿಗೆ ಓಟು

೧೬ ಜುಲೈ ೧೯೯೯, ಶುಕ್ರವಾರ
ಇಸ್ತ್ರಿ ಮುಗಿಯಿತು. ಎ.ಸಿ. ಮತ್ತೆ ಗೊರಗೊರ. ಗಂಡ ಯಜ್ಞೇಶ್‌ಗೆ ರಜೆಯ ದಿನವೂ ಮೆಸಯೀದ್‌ನ ಫ್ಯಾಕ್ಟರಿಯಲ್ಲಿ ಶಿಫ್ಟ್.
ಊರಿನ ಮಾಜಿ ಎಂಎಲ್‌ಎ ದೂಮಪ್ಪ ದೋಹಾಕ್ಕೆ ಬಂದಿದ್ದಾರಂತೆ. ಎರಡು ಸಲ ಸೋತವರು. ಸೆಪ್ಟೆಂಬರ್‌ನಲ್ಲಿ ಮತ್ತೆ ನಿಲ್ಲುತ್ತಾರೆ. ಇಲ್ಲಿ ನಮಗೆ ಓಟಿಲ್ಲ. ಮನೆಗೆ ಫೋನ್ ಮಾಡಿ ಹೇಳಿ ಅನ್ನಲು ಬಂದದ್ದು. ಹೊಳೆಯ ಮರಳು ತೆಗೆಯಬಾರದೆಂದು ಕೋರ್ಟಿನಿಂದ ಸ್ಟೇ ತಂದವರು ಇವರೇ. ಊರಲ್ಲಿ ಮನೆ ಕಟ್ಟಿಸುವ ಇಲ್ಲಿಯವರೆಲ್ಲ ಶಾಪ ಹಾಕುತ್ತಾರೆ. ನಾನೂ. ನಮ್ಮ ಮನೆಯ ಗೋಡೆ ಲಿಂಟಲ್‌ವರೆಗೆ ಬಂದು ನಿಂತಿದೆ... ಬೇರೆಯವರು ಗೆದ್ದರೆ ಸ್ಟೇ ತೆಗೆಸುತ್ತಾರಂತೆ.

೧೮, ಭಾನುವಾರ
ದೂಮಪ್ಪ ಇಲ್ಲಿಯ ಬಿನ್ ಒಮ್ರಾನ್ ಬಡಾವಣೆಯಲ್ಲಿ ಬೆಳಿಗ್ಗೆ ಸಭೆ ಇಟ್ಟಿದ್ದರಂತೆ. ಭಾನುವಾರ! ಊರಿನ ರಜೆಯ ಲೆಕ್ಕ; ಇಲ್ಲಿ ರಜೆ ಶುಕ್ರವಾರ. ನಾವೆಲ್ಲ ಆಫೀಸಿನಲ್ಲಿ. ಒಬ್ಬರೂ ಹೋಗಲಿಲ್ಲ.
ಪಕ್ಕದ ಫ್ಲಾಟಿನ ಲೈಲಾಗೆ ನಗು ತಡೆಯಲಿಲ್ಲ. "ಶುಕ್ರವಾರ ನಿದ್ದೆ ಹೊಡೆದು ಇವತ್ತು ಕುರ್ಚಿಗಳಿಗೆ ಭಾಷಣ ಮಾರಾಯ್ತಿ! ಇನ್ನು ಖಲಾಸ್."
ನಾನೂ ನಕ್ಕೆ. ಆಮೇಲೆ ಅಷ್ಟು ನಗಬಾರದಿತ್ತು ಅನಿಸಿತು. ಒಳ್ಳೆಯವಳು ಅನಿಸಿಕೊಳ್ಳುವ ಚಪಲವೇ?

೨೦, ಮಂಗಳವಾರ
ಖಲಾಸ್ ಆಗಿಲ್ಲ. ನಿನ್ನೆ ಯಜ್ಞೇಶ್ ಅವರ ಕಂಪನಿ ಬಸ್ ನಿಲ್ಲುವಲ್ಲಿ ದೂಮಪ್ಪ ನಿಂತಿದ್ದರಂತೆ, ಈ ಬಿಸಿಲಲ್ಲಿ, ಅಂಗಿ ಪೂರ್ತಿ ಒದ್ದೆ. ಇಳಿದವರಿಗೆಲ್ಲ ಕೈಮುಗಿದರಂತೆ. ಜೊತೆಗೆ ಕೆಲಸ ಮಾಡುವ ಶಾಫಿ ಬಿಡಲಿಲ್ಲ — "ದೂಮಪ್ಪಣ್ಣ, ಮರಳಾ? ಇಲ್ಲಿ ಬೇಕಾದಷ್ಟುಂಟು, ಊರಿಗೆ ತಗೊಂಡು ಹೋಗಿ!"
ಅವರೂ ನಕ್ಕರಂತೆ. ಇವತ್ತು ಮತ್ತೆ ಅಲ್ಲೇ.

೨೨, ಗುರುವಾರ ಸಂಜೆ
ನಮ್ಮ ಬಾಗಿಲಿಗೂ ಬಂದರು. ಒಬ್ಬರೇ. ನೀರು ಕೊಟ್ಟು ನೇರವಾಗಿ ಕೇಳಿದೆ.
"ನೀವು ಗೆದ್ದರೆ ನಮಗೆ ಮರಳು ಸಿಗುತ್ತದಾ?"
"ಇಲ್ಲ ಅಮ್ಮ. ಇನ್ನೂ ಬಿಗಿ ಮಾಡುತ್ತೇನೆ."
"ಮತ್ತೆ ಓಟು ಯಾಕೆ ಹಾಕಬೇಕು?"
"ಅದನ್ನು ಹೇಳಲಿಕ್ಕೇ ಬಂದದ್ದು. ಐದು ನಿಮಿಷ ಉಂಟಾ?"
ಮುಕ್ಕಾಲು ಗಂಟೆ ಕೂತರು. ಮರಳು ತೆಗೆದರೆ ಹೊಳೆ ತಗ್ಗಿ ಬಾವಿಗಳಿಗೆ ಉಪ್ಪು ನೀರು ನುಗ್ಗುತ್ತದಂತೆ. ಒಪ್ಪಿದೆನೇ? ಪೂರ್ತಿ ಇಲ್ಲ. ಆ ಮನುಷ್ಯ ಈಗಲೂ ನನಗೆ ಇಷ್ಟವಿಲ್ಲ — ಬೇರೆಯವರನ್ನು ಮಾತಾಡಲು ಬಿಡುವುದಿಲ್ಲ. ಆದರೆ ಒಂದು ಸುಳ್ಳು ಹೇಳಿದ್ದರೆ ನಮ್ಮ ತವರಿನ ನಾಲ್ಕು ಓಟು ಸಲೀಸಾಗಿ ಸಿಗುತ್ತಿತ್ತು. ಹೇಳಲಿಲ್ಲ.
ಅವರು ಹೋದ ಮೇಲೆ ಯಜ್ಞೇಶ್: "ನಿನ್ನಮ್ಮನಿಗೆ ಏನಾದರೂ ಹೇಳಿದೆಯೋ, ನಮ್ಮ ಮನೆಗೆ ಈ ಜನ್ಮದಲ್ಲಿ ಸೂರಿಲ್ಲ, ನೋಡು."
ಯಜ್ಞೇಶ್ ಹೇಳುವುದೂ ತಪ್ಪಲ್ಲ.

೨೩, ಶುಕ್ರವಾರ ಬೆಳಿಗ್ಗೆ
ಫೋನ್ ಮಾಡಿದೆ. ಅಮ್ಮನೇ ಎತ್ತಿದಳು. ನಾಲ್ಕೂ ಓಟು ದೂಮಪ್ಪನವರಿಗೆ ಅಂದೆ.
"ಬಿಸಿಲು ತಲೆಗೇರಿತಾ ನಿನಗೆ? ಮನೆ ಬೇಡವಾ?"
"ಬೇಕು. ಆದರೂ ಹಾಕಿ."
ಬೈದಳು. ಕೊನೆಗೆ ಹ್ಞೂಂ ಅಂದಳು.
ಯಜ್ಞೇಶ್‌ಗೆ ನಾನೇ ಹೇಳಬೇಕು, ಅಮ್ಮನಿಂದ ಗೊತ್ತಾಗಬಾರದು. ಚಹಾಕ್ಕೆ ಇಟ್ಟಿದ್ದೇನೆ. ಮೊದಲು ಚಹಾ, ಆಮೇಲೆ... ಬೇಡ, ಮೊದಲೇ ಹೇಳುತ್ತೇನೆ. ಎದ್ದರು ಅಂತ ಕಾಣುತ್ತದೆ —